ಹತ್ತು ಮೆಟ್ಟಿಲಿಗೆ ಐದು ಅಡಿ

(ಬಾಗಲಕೋಟೆಯಲ್ಲಿ ಪಿಯುಸಿ ವಿಜ್ಞಾನದ ವಿದ್ಯಾರ್ಥಿಗಳು ಮತ್ತು ಅವರ ಪಾಲಕರ ಎದುರು ಆರ್ಕಿಟೆಕ್ಚರ್ ಓದಿನ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಳಗೆ ಬರುವಾಗ ಒಬ್ಬರು ಪಾಲಕರು ಕೇಳಿದರು, "ಸಿವಿಲ್ ಎಂಜಿನಿಯರಿಂಗ್ ನಾಲ್ಕು ವರ್ಷಕ್ಕ ಮುಗೀತೈತಿ, ಇದ್ಯಾಕ ಐದು ವರ್ಷ?" ಸರಿಯಾದ ಪ್ರಶ್ನೆ. ನಮ್ಮಪ್ಪನೂ ಇದನ್ನೇ ಕೇಳಿದ್ದ. ಅವನಿಗೆ ಕೊಟ್ಟ ಉತ್ತರವೇ ನಿಮಗೂ: ಗೊತ್ತಿಲ್ಲ, ಮೊದಲು ಓದಿ ನೋಡುತ್ತೇನೆ.

ಓದಿ ನೋಡಿದೆ. ನಮ್ಮದು ಬಾದಾಮಿ ತಾಲ್ಲೂಕಿನ ಮಲಪ್ರಭಾ ದಂಡೆಯ ಹಳ್ಳಿ. ಅಪ್ಪ ಗೌಂಡಿ. 2015ರಲ್ಲಿ ಬೆಂಗಳೂರಿನ ಒಂದು ಆರ್ಕಿಟೆಕ್ಚರ್ ಕಾಲೇಜಿಗೆ ಸೇರಿ 2020ರಲ್ಲಿ ಹೊರಬಿದ್ದೆ. ಐದು ವರ್ಷ ಎಷ್ಟೋ ವಿಷಯ ಓದಿಸಿದರು. ಅದರಲ್ಲಿ ಒಂದೇ ಒಂದು ನಿಜವಾಗಿ ತಲೆಗೆ ಹತ್ತಿತು, ಇವತ್ತು ಅದನ್ನೇ ಹೇಳುತ್ತೇನೆ. ಅದರ ಹೆಸರು ಸೆಕ್ಷನ್, ಕಟ್ಟಡವನ್ನು ಮೇಲಿಂದ ಕೆಳಕ್ಕೆ ಸೀಳಿದರೆ ಒಳಗೆ ಕಾಣುವುದನ್ನು ಬರೆದ ಚಿತ್ರ.

ಎಣ್ಣೆಗಾಯಿ ಮಾಡಲು ಬದನೆಕಾಯಿ ಹೆಚ್ಚುವುದನ್ನು ನೋಡಿದ್ದೀರಲ್ಲ. ಅಡ್ಡ ಕೊಯ್ದರೆ ದುಂಡಗಿನ ಬಿಲ್ಲೆ ಬರುತ್ತದೆ, ಬೀಜ ಹೂವಿನ ಹಾಗೆ ಕಾಣುತ್ತವೆ. ಅದು ಪ್ಲಾನ್. ಉದ್ದಕ್ಕೆ ಸೀಳಿದರೆ ಸೆಕ್ಷನ್. ಹುಳ ಎಲ್ಲಿಂದ ಹೊಕ್ಕಿತು, ಎಲ್ಲಿತನಕ ಹೋಗಿದೆ ಎಂದು ತಿಳಿಯುವುದು ಸೀಳಿದಾಗ. ಮನೆ ಕಟ್ಟಿಸುವವರು ನಮ್ಮ ಹತ್ತಿರ ಬಂದು "ಪ್ಲಾನ್ ಹಾಕಿ ಕೊಡ್ರಿ" ಎನ್ನುತ್ತಾರೆ. "ಸೆಕ್ಷನ್ ಹಾಕಿ ಕೊಡ್ರಿ" ಎಂದು ಕೇಳಿದ ಒಬ್ಬ ಮನುಷ್ಯನನ್ನೂ ನಾನು ಇನ್ನೂ ಕಂಡಿಲ್ಲ. ಪರವಾನಗಿಗೆ ಕೊಡುವ ನಕ್ಷೆಯಲ್ಲಿ ಅದೂ ಇರುತ್ತದೆ, ಮೂಲೆಯಲ್ಲಿ, ಯಾರೂ ನೋಡದ ಹಾಗೆ.

ನಾನೂ ನೋಡುತ್ತಿರಲಿಲ್ಲ. ಎರಡನೇ ವರ್ಷದಲ್ಲಿ ನಮಗೆ ಬೆಂಗಳೂರಿನ ಪ್ರಸಿದ್ಧ ಮೂವತ್ತು ನಲವತ್ತು ಸೈಟಿನಲ್ಲಿ ಮನೆ ಮಾಡಲು ಕೊಟ್ಟರು. 1,200 ಚದರಡಿ. ಕೆಳಗೆ ಮಾಲೀಕರು, ಮೇಲೆ ಬಾಡಿಗೆ. ಮೆಟ್ಟಿಲನ್ನು ಮುಂದಕ್ಕೆ ತಂದೆ, ಅದು ಅರ್ಧಕ್ಕೆ ತಿರುಗುವ ಲ್ಯಾಂಡಿಂಗಿನ ಕೆಳಗೇ ಮುಂಬಾಗಿಲು ಇಟ್ಟೆ. ನಾಲ್ಕು ಅಡಿ ಜಾಗ ಉಳಿಯಿತು. ಇಷ್ಟು ಬುದ್ಧಿವಂತಿಕೆ ನನ್ನೊಳಗೆ ಎಲ್ಲಿತ್ತು ಎಂದು ನನಗೇ ಆಶ್ಚರ್ಯ. ಪ್ಲಾನಿಗೆ ಬಣ್ಣ ಹಚ್ಚಿದೆ, ಗಿಡ ಬರೆದೆ, ಗಿಡಕ್ಕೆ ನೆರಳೂ ಬರೆದೆ. ಸೆಕ್ಷನ್ ಬೇಕು ಎಂದು ನೆನಪಾದದ್ದು ಸಬ್‌ಮಿಷನ್ ಹಿಂದಿನ ರಾತ್ರಿ ಮೂರು ಗಂಟೆಗೆ. ನಿದ್ದೆಗಣ್ಣಿನಲ್ಲಿ ಗೀರಿದೆ.

ಮರುದಿನ ಜ್ಯೂರಿ. ಜ್ಯೂರಿ ಎಂದರೆ ಶೀಟುಗಳನ್ನು ಗೋಡೆಗೆ ಅಂಟಿಸಿ, ಮಾಡೆಲ್ ಎದುರಿಗಿಟ್ಟು, ನಿದ್ದೆ ಇಲ್ಲದ ಮುಖ ಹೊತ್ತು ನಿಲ್ಲುವುದು. ಹೊರಗಿನಿಂದ ಬಂದ ಆರ್ಕಿಟೆಕ್ಟರು ಎಲ್ಲರ ಎದುರು ಬಿಚ್ಚಿಡುತ್ತಾರೆ. ಬಂದವರು ನನ್ನ ಬಣ್ಣದ ಪ್ಲಾನನ್ನು ದಾಟಿ ನೇರ ಸೆಕ್ಷನ್ನಿನ ಮುಂದೆ ನಿಂತರು. ಜೇಬಿನಿಂದ ಸ್ಕೇಲ್ ತೆಗೆದು ಲ್ಯಾಂಡಿಂಗಿನ ಕೆಳಗೆ ಹಿಡಿದರು. ಇಪ್ಪತ್ತೇಳು ಮಿಲಿಮೀಟರ್. 1:50ರ ಅಳತೆಯಲ್ಲಿ ಅದು 1.35 ಮೀಟರ್.

"ನಿನ್ನ ಹೈಟ್ ಎಷ್ಟಮ್ಮ?"

"ಐದು ಅಡಿ ಎರಡು ಇಂಚು, ಸರ್."

"ಅಂದ್ರೆ ನೀನೇ ಈ ಮನೆಯೊಳಗೆ ಹೋಗೋಕಾಗಲ್ಲ."

ಇಡೀ ಸ್ಟುಡಿಯೊ ನಕ್ಕಿತು. ಲೆಕ್ಕ ಬಹಳ ಸುಲಭ. ನೆಲದಿಂದ ಮೇಲಿನ ನೆಲಕ್ಕೆ ಮೂರು ಮೀಟರ್. ಒಂದು ಮೆಟ್ಟಿಲು ಹದಿನೈದು ಸೆಂಟಿಮೀಟರ್ ಎತ್ತರ, ಒಟ್ಟು ಇಪ್ಪತ್ತು ಮೆಟ್ಟಿಲು. ಹತ್ತಕ್ಕೆ ಲ್ಯಾಂಡಿಂಗ್, ಅಂದರೆ ಒಂದೂವರೆ ಮೀಟರ್. ಅದರಲ್ಲಿ ಸ್ಲ್ಯಾಬಿನ ದಪ್ಪ ಹದಿನೈದು ಸೆಂಟಿಮೀಟರ್ ಕಳೆಯಿರಿ. ಪ್ಲಾನಿನಲ್ಲಿ ಮೆಟ್ಟಿಲು ನಾಲ್ಕು ಗೆರೆ, ಬಾಗಿಲು ಒಂದು ಕಮಾನು ಗೆರೆ. ಎರಡೂ ಒಂದರ ಮೇಲೊಂದು ಆರಾಮವಾಗಿ ಕೂತಿದ್ದವು. ಕಾಗದಕ್ಕೆ ತಲೆ ತಾಗುವುದಿಲ್ಲ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಸಮಾಧಾನ ಮಾಡುತ್ತಾನೆ ಅಂದುಕೊಂಡಿದ್ದೆ. ಅವನೂ ನಕ್ಕ. "ಹತ್ತ ಮೆಟ್ಟಲಾ ಅಂದ್ರ ಐದ ಅಡಿ ಯವ್ವಾ. ಐದ ಅಡ್ಯಾಗ ಎಮ್ಮಿ ಹೊಕ್ಕೈತಿ, ಮನಷ್ಯಾ ಹೊಗೂದಿಲ್ಲ. ಪಾಯಾ ತೆಗಿಯೂದಕ್ಕಿಂತ ಮೊದ್ಲ ಮೆಟ್ಟಲಾ ಎಣಸ್ಬೇಕು." ಕಾಲೇಜು ಮೂರು ಸೆಮಿಸ್ಟರ್ ತೆಗೆದುಕೊಂಡದ್ದನ್ನು ಅಪ್ಪ ಅರ್ಧ ನಿಮಿಷದಲ್ಲಿ ಮುಗಿಸಿದ. ಹಾಗಂತ ಗೌಂಡಿಯ ವಿದ್ಯೆಯೇ ದೊಡ್ಡದು, ಕಾಲೇಜು ಸುಳ್ಳು ಎಂದು ಹೇಳಲು ನಾನಿಲ್ಲಿ ನಿಂತಿಲ್ಲ. ಆ ರಜೆಯಲ್ಲಿ ಮನೆಗೆ ಹೋಗಿ ಟೇಪು ಹಿಡಿದಾಗ ನಮ್ಮ ದೇವರ ಮನೆಯ ಬಾಗಿಲು 1.42 ಮೀಟರ್ ಬಂತು. ಅಪ್ಪನ ಮಾತಿಗೆ ಅಪ್ಪನ ಮನೆಯೇ ಉಲ್ಟಾ ಸಾಕ್ಷಿ ಹೇಳಿತು.

ಟೇಪು ಹಿಡಿದದ್ದು ಯಾಕೆಂದರೆ, ಒಂದು ಹಳೆಯ ಕಟ್ಟಡವನ್ನು ಅಳೆದು ಬರೆದು ತರಲು ಹೇಳಿದ್ದರು. ಗೆಳತಿಯರು ಗುಡಿ, ಅರಮನೆ ಆರಿಸಿಕೊಂಡರು. ನಮ್ಮ ಊರಿನಿಂದ ಪಟ್ಟದಕಲ್ಲು, ಐಹೊಳೆ ಎರಡೂ ಹತ್ತಿರ. ಆದರೆ ಖರ್ಚು ಉಳಿಯುತ್ತದೆ ಎಂದು ನಾನು ನಮ್ಮ ಮನೆಯನ್ನೇ ಅಳೆದೆ. ಇದರ ಹಿಂದೆ ಬೇರೆ ಯಾವ ಘನ ವಿಚಾರವೂ ಇರಲಿಲ್ಲ.

ಎರಡು ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆ. ತಲೆಬಾಗಿಲು ದಾಟಿದರೆ ಬಲಕ್ಕೆ ದನ ಕಟ್ಟುವ ಜಾಗ, ಅಲ್ಲಿಂದ ಎರಡು ಅಡಿ ಮೇಲಕ್ಕೆ ನಾವು ಇರುವ ಪಡಸಾಲೆ. ದನ, ಜನ ಒಂದೇ ಸೂರಿನ ಕೆಳಗೆ, ನಡುವೆ ಗೋಡೆಯಿಲ್ಲ, ಎರಡು ಅಡಿ ಎತ್ತರವೇ ಗೋಡೆ. ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಬೇವಿನ ತಪ್ಪಲು, ಕೊನೆಗೆ ಸವುಳು ಮಣ್ಣಿನ ಮೇಲ್ಮುದ್ದೆ. ನಡುವೆ ಒಂದು ಬೆಳಕಿಂಡಿ. ಪ್ಲಾನ್ ಬರೆದಾಗ ಒಂದು ಪೆಟ್ಟಿಗೆ ಕಂಡಿತು, ಅಷ್ಟೆ. ಸೆಕ್ಷನ್ ಬರೆದಾಗ ಹದಿನೆಂಟು ವರ್ಷ ಬದುಕಿದ ಮನೆಯನ್ನು ಮೊದಲ ಸಲ ನೋಡಿದ ಹಾಗಾಯಿತು. ಗೋಡೆ ಎಷ್ಟು ದಪ್ಪ, ಅದರೊಳಗಿನ ಗೂಡು ಎಷ್ಟು ಆಳ, ಪಡಸಾಲೆಯ ಅಂಚಿನಲ್ಲಿ ಕೂತ ಅಜ್ಜಿಯ ಕೈ ಎತ್ತಿನ ಕೊಂಬಿಗೆ ಹೇಗೆ ಸರಿಯಾಗಿ ಎಟಕುತ್ತಿತ್ತು, ಎಲ್ಲ.

ಬೆಳಕಿಂಡಿಯ ಕಥೆ ಬೇರೆಯೇ ಇದೆ. ಕಾಲೇಜಿನ ಪುಸ್ತಕಗಳಲ್ಲಿ ಉತ್ತರದ ಬೆಳಕು ತಂಪು, ಅಲ್ಲಿ ಸೂರ್ಯ ಬರುವುದೇ ಇಲ್ಲ ಎಂದು ಬರೆದಿರುತ್ತಿತ್ತು. ಬರೆದವರು ಯುರೋಪಿನವರು. ನಮ್ಮ ಹವಾಮಾನದ ಮೇಷ್ಟ್ರು ಸೂರ್ಯನ ದಾರಿಯ ನಕ್ಷೆ ಹರಡಿ ತೋರಿಸಿದರು. ನಾವಿರುವುದು ಕರ್ಕಾಟಕ ವೃತ್ತದ ಕೆಳಗೆ. ಬಾದಾಮಿ ಸುಮಾರು ಹದಿನಾರನೇ ಅಕ್ಷಾಂಶ. ಮೇ ಮೊದಲ ವಾರ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ಆಮೇಲೆ ಉತ್ತರಕ್ಕೆ ದಾಟುತ್ತಾನೆ, ಆಗಸ್ಟ್ ಮೊದಲರ್ಧದಲ್ಲಿ ಮತ್ತೆ ನೆತ್ತಿಗೆ ಬಂದು ದಕ್ಷಿಣಕ್ಕೆ ಹೋಗುತ್ತಾನೆ. ನಡುವಿನ ಮೂರು ತಿಂಗಳು ನಡು ಮಧ್ಯಾಹ್ನದ ಬಿಸಿಲು ನಮಗೆ ಉತ್ತರದಿಂದಲೇ.

ನಂಬಲಿಲ್ಲ. ಜೂನಿನಲ್ಲಿ ಊರಿಗೆ ಹೋದಾಗ ಅಪ್ಪನ ತೂಗುಗುಂಡನ್ನು ಬೆಳಕಿಂಡಿಯಿಂದ ಇಳಿಬಿಟ್ಟು, ಅದರ ನೇರ ಕೆಳಗೆ ನೆಲದ ಮೇಲೆ ಸುಣ್ಣದಿಂದ ಗುರುತು ಹಾಕಿದೆ. ಮೋಡ ಸರಿದ ಒಂದು ಮಧ್ಯಾಹ್ನ ಬಿಸಿಲಿನ ತುಂಡು ಗುರುತಿನಿಂದ ದಕ್ಷಿಣಕ್ಕೆ, ಸುಮಾರು ಒಂದೂವರೆ ಅಡಿ ಸರಿದು ಬಿದ್ದಿತ್ತು. ಸೂರ್ಯ ಉತ್ತರದಲ್ಲಿದ್ದಾನೆ ಎಂದಾಯಿತು. ಅವ್ವನನ್ನು ಕೂಗಿ ತೋರಿಸಿದೆ. "ನಿನಗ ಇದು ಗೊತ್ತಿತ್ತೇನ ಯವ್ವಾ?" ಅವಳಿಗೆ ಗೊತ್ತಿರುತ್ತದೆ, ತಲೆಮಾರಿನ ಜ್ಞಾನ ಎನ್ನುವುದು ಹಾಗೇ ಇರುತ್ತದೆ ಎಂದು ನಾನು ಮನಸ್ಸಿನಲ್ಲೇ ಒಂದು ಶೀಟ್ ತಯಾರು ಮಾಡಿಕೊಂಡಿದ್ದೆ. ಅವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಇಲ್ಲಪಾ. ನಾ ಯಾವತ್ತ ನೋಡ್ಕೋತ ಕುಂದರ್ಲಿ?" ಅಪ್ಪನಿಗೂ ಗೊತ್ತಿರಲಿಲ್ಲ. ಇದನ್ನು ಕಾಲೇಜೇ ಕಲಿಸಿತು. ಅದರ ಋಣ ಅದಕ್ಕೆ ಸಲ್ಲಬೇಕು.

ಗೋಳಗುಮ್ಮಟಕ್ಕೆ ನಾವೆಲ್ಲ ಶಾಲೆಯಿಂದ ಟ್ರಿಪ್ಪಿಗೆ ಹೋಗಿ ಕೂಗಿ ಬಂದವರೇ. ನಾನೂ ಆರನೇ ಇಯತ್ತೆಯಲ್ಲಿ ಗೆಳತಿಯ ಹೆಸರು ಕೂಗಿದ್ದೆ. ಕಾಲೇಜಿನಿಂದ ಎರಡನೇ ಸಲ ಹೋದಾಗ ಮೇಷ್ಟ್ರು ಕೂಗಲು ಬಿಡಲಿಲ್ಲ, ಕೆಳಗೆ ಮಲಗಿ ಮೇಲೆ ನೋಡಿ ಎಂದರು. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಕೆಳಗಿನ ಕೋಣೆ ಚೌಕ, ಮೇಲೆ ಕೂರಬೇಕಾದ್ದು ದುಂಡು. ಎರಡು ಚೌಕಗಳನ್ನು ಒಂದರ ಮೇಲೊಂದು ತಿರುಗಿಸಿಟ್ಟ ಹಾಗೆ ಕಮಾನುಗಳು ಒಂದನ್ನೊಂದು ಕತ್ತರಿಸುತ್ತವೆ, ಚೌಕ ಎಂಟು ಮೂಲೆಯಾಗುತ್ತದೆ, ಎಂಟು ಮೂಲೆ ದುಂಡಾಗುತ್ತದೆ. ಅಷ್ಟು ದೊಡ್ಡ ಗುಮ್ಮಟ ಗೋಡೆಗಳನ್ನು ಹೊರಕ್ಕೆ ನೂಕುತ್ತಲೇ ಇರುತ್ತದೆ. ಒಳಕ್ಕೆ ಬಾಗಿ ನಿಂತ ಆ ಕಮಾನುಗಳ ಭಾರ ಒಳಕ್ಕೆ ಜಗ್ಗುತ್ತದೆ. ನೂಕುವುದಕ್ಕೂ ಜಗ್ಗುವುದಕ್ಕೂ ಸಮ. ನಾವು ಓಡಾಡಿ ಕೂಗುವ ಆ ಮೊಗಸಾಲೆ ಈ ಜಗ್ಗಾಟದ ಮೇಲೆಯೇ ಇದೆ. ಪ್ಲಾನಿನಲ್ಲಿ ಗೋಳಗುಮ್ಮಟ ಒಂದು ಚೌಕ, ಮೂಲೆಗೊಂದು ಎಂಟು ಮೂಲೆಯ ಗೋಪುರ. ನೋಡಿದರೆ ಏನೂ ಅನ್ನಿಸುವುದಿಲ್ಲ.

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಕ್ಯಾಂಪಸ್ಸಿಗೂ ಕರೆದುಕೊಂಡು ಹೋಗಿದ್ದರು. ಬಿ.ವಿ. ದೋಶಿ ಮಾಡಿದ್ದು. ಫತೇಪುರ ಸಿಕ್ರಿಯ ಓಣಿ ಅಂಗಳಗಳು ಅದರ ಹಿಂದಿವೆ. ಬೂದು ಕಲ್ಲಿನ ಗೋಡೆ, ಉದ್ದುದ್ದ ಮೊಗಸಾಲೆಗಳು. ಒಂದು ಕಡೆ ತಗ್ಗು ಮಾಡು, ನಾಲ್ಕು ಹೆಜ್ಜೆ ಇಟ್ಟರೆ ಮೇಲೆ ಮಾಡೇ ಇಲ್ಲ, ಬರೀ ಕಾಂಕ್ರೀಟಿನ ಪಟ್ಟಿಗಳು, ಬಳ್ಳಿ, ಆಕಾಶ. ಅದೇ ದೋಶಿಯವರಿಗೆ 2018ರಲ್ಲಿ ಆರ್ಕಿಟೆಕ್ಚರಿನ ನೊಬೆಲ್ ಎನ್ನುವ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು, ಭಾರತೀಯರಲ್ಲಿ ಅವರೇ ಮೊದಲಿಗರು. ಅವರು ಮುಂಬೈಯ ಜೆ.ಜೆ. ಸ್ಕೂಲಿನ ಓದನ್ನು ಅರ್ಧಕ್ಕೆ ಬಿಟ್ಟು ಹೋದವರು, ಆಮೇಲೆ 1962ರಲ್ಲಿ ಅಹಮದಾಬಾದಿನಲ್ಲಿ ತಾವೇ ಒಂದು ಆರ್ಕಿಟೆಕ್ಚರ್ ಶಾಲೆ ಶುರು ಮಾಡಿದರು. ಮಕ್ಕಳೇ, ಇದರಲ್ಲಿ ಮೊದಲ ಅರ್ಧವನ್ನು ಮನೆಯಲ್ಲಿ ಹೇಳಬೇಡಿ.

ಇನ್ನು ಬೇಸರದ ವಿಷಯ. ನಾನು ಹತ್ತನೇ ತನಕ ಕನ್ನಡ ಮಾಧ್ಯಮ. ಲೆಕ್ಕ, ಸ್ಟ್ರಕ್ಚರ್ಸ್ ತೊಂದರೆ ಕೊಡಲಿಲ್ಲ. ತೊಂದರೆ ಕೊಟ್ಟದ್ದು "ಕಾನ್ಸೆಪ್ಟ್". ಜ್ಯೂರಿಯಲ್ಲಿ ಎಲ್ಲರ ಕಟ್ಟಡಕ್ಕೂ ಒಂದು ಕಾನ್ಸೆಪ್ಟ್ ಇರಬೇಕು, ಅದನ್ನು ಚಂದದ ಇಂಗ್ಲಿಷಿನಲ್ಲಿ ಹೇಳಬೇಕು. ಒಬ್ಬನ ಆಸ್ಪತ್ರೆ ಚಿಟ್ಟೆಯಾಗಿತ್ತು. ಇನ್ನೊಬ್ಬಳ ಬಸ್ ನಿಲ್ದಾಣ ನದಿಯಾಗಿತ್ತು. ನಾನು ನನ್ನ ಶೀಟಿನಲ್ಲಿ "ಪಡಸಾಲೆ" ಎಂದು ಬರೆದರೆ, ಅದು ವರಾಂಡವೋ ಲಿವಿಂಗ್ ರೂಮೋ ಮೊದಲು ನಿರ್ಧಾರ ಮಾಡು ಎಂದರು. ಅದು ಎರಡೂ ಅಲ್ಲ. ಹಗಲು ಬಂದವರು ಕೂರುತ್ತಾರೆ, ಸುಗ್ಗಿಯಲ್ಲಿ ಜೋಳದ ಚೀಲ ಕೂರುತ್ತವೆ, ರಾತ್ರಿ ನಾವು ಮಲಗುತ್ತೇವೆ. ಇದನ್ನು ಇಂಗ್ಲಿಷಿನಲ್ಲಿ ಹೇಳಲು ಬಾರದೆ ಸುಮ್ಮನಾದೆ, ಸುಮ್ಮನಿದ್ದದ್ದಕ್ಕೆ ಅಂಕ ಹೋಯಿತು. ಆಗ ಸಿಟ್ಟು ಬಂದಿತ್ತು. ಈಗಲೂ ಪೂರ್ತಿ ಹೋಗಿಲ್ಲ.

ಖರ್ಚನ್ನೂ ಹೇಳಿಬಿಡುತ್ತೇನೆ, ಪಾಲಕರು ಇದ್ದೀರಿ. ಫೀ ಒಂದೇ ಅಲ್ಲ. ಶೀಟು, ಪೆನ್ನು, ಸನ್‌ಬೋರ್ಡ್, ಬಾಲ್ಸಾ ಕಟ್ಟಿಗೆ, ಪ್ರಿಂಟು, ಕೊನೆಗೆ ಒಂದು ಒಳ್ಳೆಯ ಲ್ಯಾಪ್‌ಟಾಪು. ಸಬ್‌ಮಿಷನ್ ಬಂದರೆ ರಾತ್ರಿಯೆಲ್ಲ ಎಚ್ಚರ. ಅದಕ್ಕೆ "ನೈಟ್ ಔಟ್" ಎಂದು ಹೆಸರಿಟ್ಟು ಹೆಮ್ಮೆ ಪಡುತ್ತಿದ್ದೆವು. ಈಗ ಅನ್ನಿಸುತ್ತದೆ, ಅದರಲ್ಲಿ ಹೆಮ್ಮೆ ಪಡುವಂಥದ್ದು ಏನೂ ಇರಲಿಲ್ಲ. ನನ್ನ ಆ 1.35 ಮೀಟರ್ ಬಾಗಿಲು ಹುಟ್ಟಿದ್ದು ಅಂಥ ರಾತ್ರಿಯಲ್ಲೇ.

2019ರ ಆಗಸ್ಟಿನಲ್ಲಿ ನಾನು ಐದನೇ ವರ್ಷಕ್ಕೆ ಕಾಲಿಟ್ಟಿದ್ದೆ. ಮಲಪ್ರಭಾ ಊರೊಳಗೆ ಬಂದಳು. ನಿಮ್ಮಲ್ಲಿ ಹಲವರ ಮನೆಗೂ ಬಂದಿರುತ್ತಾಳೆ, ವಿವರಿಸುವುದು ಬೇಡ. ಮಣ್ಣಿನ ಗೋಡೆ ನಿಂತ ನೀರಿನಲ್ಲಿ ಬುಡದಿಂದ ಕರಗುತ್ತದೆ, ಮೇಲಿನ ಭಾರಕ್ಕೆ ಕೂರುತ್ತದೆ. ಮೂರನೇ ದಿನ ನಮ್ಮ ಮನೆ ಕೂತಿತು. ದನಗಳನ್ನು ಮೊದಲೇ ದಿಬ್ಬಕ್ಕೆ ಹೊಡೆದಿದ್ದರು. ಆ ಮನೆಯದು ಈಗ ಉಳಿದಿರುವುದು ಎರಡನೇ ವರ್ಷದ ನನ್ನ ಸೆಕ್ಷನ್ ಶೀಟ್ ಮಾತ್ರ, ಅದಕ್ಕೂ ಅಂಚಿನಲ್ಲಿ ಚಹಾ ಚೆಲ್ಲಿದೆ.

ಥೀಸಿಸ್ ವಿಷಯ ಬದಲಾಯಿಸಿದೆ. 2009ರ ನೆರೆಯ ನಂತರ ಸರಕಾರ "ಆಸರೆ" ಎಂದು ಹೊಸ ಜಾಗದಲ್ಲಿ ಮನೆ ಕಟ್ಟಿಸಿಕೊಟ್ಟಿತ್ತು. ಎಷ್ಟೋ ಕಡೆ ಜನ ಅಲ್ಲಿಗೆ ಹೋಗಲೇ ಇಲ್ಲ, ಹೋದವರಲ್ಲೂ ಕೆಲವರು ಹಳೆಯ ಊರಿಗೆ ಮರಳಿದರು. ಯಾಕೆ? ಹೊಲ ದೂರ ಎನ್ನುವುದು ಒಂದು. ಇನ್ನೊಂದು, ಆ ಮನೆಗಳ ಸೆಕ್ಷನ್ ಬರೆದರೆ ಕಾಣುತ್ತದೆ. ನೆಲ ಒಂದೇ ಮಟ್ಟ. ದನಕ್ಕೆ ಆ ಎರಡು ಅಡಿ ತಗ್ಗು ಇಲ್ಲ. ದನ ಎಲ್ಲಿ ಕಟ್ಟಬೇಕು ಎಂದು ನಕ್ಷೆ ಹಾಕಿದವರಿಗೆ ಹೊಳೆದೇ ಇಲ್ಲ. ಇದನ್ನೇ ಇಟ್ಟುಕೊಂಡು ಮೂವತ್ತು ಮನೆಗಳ ಒಂದು ಓಣಿ ಮಾಡಿದೆ. ಅಷ್ಟರಲ್ಲಿ ಕೊರೊನಾ ಬಂತು. ಕೊನೆಯ ಜ್ಯೂರಿ ಊರಿನ ತಗಡಿನ ಶೆಡ್ಡಿನಿಂದ, ಮೊಬೈಲ್ ಹಾಟ್‌ಸ್ಪಾಟಿನಲ್ಲಿ. ಪಕ್ಕದಲ್ಲಿ ಕಟ್ಟಿದ್ದ ಎಮ್ಮೆ ನಡುನಡುವೆ ಕೂಗುತ್ತಿತ್ತು. ಒಬ್ಬರು ಜ್ಯೂರರ್ "ಇದು ಆರ್ಕಿಟೆಕ್ಚರ್ ಅಲ್ಲ, ಸಮಾಜಶಾಸ್ತ್ರ" ಎಂದರು. ಇನ್ನೊಬ್ಬರು ಎಮ್ಮೆ ಎಷ್ಟು ಎತ್ತರ ಎಂದು ಕೇಳಿದರು. ಎದ್ದು ಹೋಗಿ ಅಳೆದು ಬಂದು ಹೇಳಿದೆ. ಪಾಸಾದೆ.

ಮೊದಲ ಕೆಲಸ ಬೆಂಗಳೂರಿನಲ್ಲಿ ಸಿಕ್ಕಾಗ ಸಂಬಳ ತಿಂಗಳಿಗೆ 18 ಸಾವಿರ. ಅಪ್ಪನ ಕೂಲಿ ಆಗ ದಿನಕ್ಕೆ 800. ಇಪ್ಪತ್ತೈದು ದಿನ ಕೆಲಸ ಸಿಕ್ಕರೆ 20 ಸಾವಿರ. ಗುಣಾಕಾರ ಮಾಡಿದವನು ಅವನೇ. ಮಾಡಿ ಸುಮ್ಮನಿದ್ದ, ಅದು ಅವನ ದೊಡ್ಡತನ.

ಕೆಲಸ ಸಿಗುವುದಕ್ಕೆ ಮೊದಲು ಊರಲ್ಲಿ ಇದ್ದ ಆ ತಿಂಗಳುಗಳಲ್ಲೇ ಹೊಸ ಮನೆ ಎದ್ದದ್ದು. ಪೂರ್ತಿ ಬಿದ್ದ ಮನೆಗೆ ಸರಕಾರ ಐದು ಲಕ್ಷ ಕೊಟ್ಟಿತು, ಹಂತ ಹಂತವಾಗಿ. ಅಪ್ಪ ಇಟ್ಟಿಗೆ ಗೋಡೆ, ಆರ್‌ಸಿಸಿ ಸ್ಲ್ಯಾಬು ಎಂದು ತೀರ್ಮಾನ ಮಾಡಿದ್ದ. ಮತ್ತೆ ಮಣ್ಣು ಹಾಕೋಣ ಎಂದು ನಾನೂ ಹೇಳಲಿಲ್ಲ. ನೀರಿನಲ್ಲಿ ಕರಗಿದ್ದನ್ನು ಕಣ್ಣಾರೆ ಕಂಡವರ ಎದುರು ಮಣ್ಣಿನ ಮನೆಯ ಗುಣಗಾನ ಮಾಡಲು ನಾಲಗೆ ಏಳಬೇಕಲ್ಲ. ನಾನು ಕೇಳಿದ್ದು ಒಂದೇ, ಅಡಿಗೆ ಮನೆಯ ಮೇಲೆ ಒಂದು ಬೆಳಕಿಂಡಿ.

"ಸ್ಲ್ಯಾಬಿಗೆ ತೂತ?" ಅಪ್ಪ ನನ್ನನ್ನು ಮೇಲೆ ಕೆಳಗೆ ನೋಡಿದ. "ಸೋರತೈತಿ. ಸ್ವಂತ ಮನಿ ಸ್ಲ್ಯಾಬಿಗೆ ತೂತ ಹಾಕಿದ ಗೌಂಡಿ ಅಂತ ಊರಾಗ ಹೆಸರ ಇಡ್ತಾರ ನನಗ."

ಸೆಕ್ಷನ್ ಬರೆದೆ. ಒಂದೂವರೆ ಅಡಿ ಚೌಕದ ತೂತು, ಸುತ್ತ ಒಂಬತ್ತು ಇಂಚು ಎತ್ತರದ ಕಟ್ಟೆ, ಮೇಲೆ ಇಳಿಜಾರಾಗಿ ಕೂರಿಸಿದ ಗಾಜು, ಗಾಜಿನ ಕೆಳಗೆ ಹೊಗೆ ಹೋಗಲು ಸಂದು. ಅಪ್ಪ ಓದಿದ್ದು ನಾಲ್ಕನೇ ಇಯತ್ತೆ. ಪ್ಲಾನ್ ಕೊಟ್ಟರೆ ತಿರುಗಿಸಿ ತಿರುಗಿಸಿ ನೋಡುತ್ತಾನೆ. ಈ ಸೆಕ್ಷನ್ನನ್ನು ಒಂದೇ ನೋಟಕ್ಕೆ ಓದಿದ. ಓದಿ, ಬೆರಳಿಟ್ಟು ಕೇಳಿದ: "ರಾಡ್ ಎಲ್ಲಿ ಕಡೀತಿ?"

ಅದನ್ನು ನಾನು ಯೋಚಿಸಿರಲಿಲ್ಲ. ತೂತು ಬಿದ್ದ ಕಡೆ ಕಬ್ಬಿಣ ತುಂಡಾಗುತ್ತದೆ, ತುಂಡಾದಷ್ಟನ್ನು ಸುತ್ತ ಹೆಚ್ಚಿಗೆ ಕಟ್ಟಬೇಕು, ಮೂಲೆಗಳಲ್ಲಿ ಓರೆಯಾಗಿ ಒಂದೊಂದು ಕೊಡಬೇಕು, ಇಲ್ಲದಿದ್ದರೆ ಮೂಲೆಯಿಂದಲೇ ಬಿರುಕು ಓಡುತ್ತದೆ. ಸ್ಟ್ರಕ್ಚರ್ಸ್ ಪರೀಕ್ಷೆಯಲ್ಲಿ ಇದನ್ನೇ ಬರೆದು ಅಂಕ ತೆಗೆದುಕೊಂಡಿದ್ದೆ. ನನ್ನ ಸ್ವಂತ ಚಿತ್ರದಲ್ಲಿ ನೆನಪಾಗಲಿಲ್ಲ. ಅಪ್ಪ ತಾನೇ ಕಟ್ಟಿಸಿದ. ದಸರಾ ಮುಗಿದ ಮೇಲೆ ಸ್ಲ್ಯಾಬು ಬಿತ್ತು, ತೂತಿನ ಸಮೇತ. ಮುಂದಿನ ಮೇ ತಿಂಗಳ ಮೊದಲ ಮಳೆಗೆ ಒಂದು ಮೂಲೆಯಲ್ಲಿ ಸೋರಿತು. ಬಿರುಕಲ್ಲ, ಗಾಜಿನ ಅಂಚು. ಅಪ್ಪ ಏನೂ ಅನ್ನದೆ ನಿಚ್ಚಣಿಕೆ ತಂದ. ಅಕ್ಕಪಕ್ಕದವರು ಬಂದು ನೋಡಿ ಅವನಿಗೆ ಒಂದು ಹೆಸರಂತೂ ಇಟ್ಟಿದ್ದಾರೆ, ಇಲ್ಲಿ ಹೇಳುವುದಿಲ್ಲ.

(ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವು.)

ಚಿತ್ರ ಚೆನ್ನಾಗಿ ಬರೆಯಲು ಬರಬೇಕೇ? ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಇರಬೇಕು, ಆರ್ಕಿಟೆಕ್ಚರ್ ಪ್ರವೇಶಕ್ಕೆ ಇರುವ ನಾಟಾ ಪರೀಕ್ಷೆ ಬರೆಯಬೇಕು. ನಮ್ಮ ರಾಜ್ಯದ ಸೀಟು ಹಂಚಿಕೆಯಲ್ಲಿ ನಾಟಾ ಅಂಕಕ್ಕೆ ಪಿಯುಸಿ ಅಂಕವನ್ನೂ ಸೇರಿಸುತ್ತಾರೆ. ಚಿತ್ರದ ಕೈ ಇದ್ದರೆ ಅನುಕೂಲ, ಇಲ್ಲದಿದ್ದರೆ ಒಂದು ವರ್ಷದಲ್ಲಿ ಬರುತ್ತದೆ. ನನ್ನ ಮನುಷ್ಯರು ಇವತ್ತಿಗೂ ಬೆಂಕಿಕಡ್ಡಿಯ ಹಾಗೆಯೇ ಇರುತ್ತಾರೆ.

ಮನೆ ನಕ್ಷೆಯನ್ನು ಎಂಜಿನಿಯರರೂ ಮಾಡುತ್ತಾರಲ್ಲ? ಮಾಡುತ್ತಾರೆ. 1972ರ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರಿನಲ್ಲಿ ನೋಂದಣಿ ಆದವರಷ್ಟೇ ಆರ್ಕಿಟೆಕ್ಟ್ ಎಂದು ಹೆಸರು ಹಾಕಿಕೊಳ್ಳಬಹುದು. ಆದರೆ ಆ ಕಾಯ್ದೆ ಹೆಸರನ್ನು ಕಾಯುತ್ತದೆ, ಕೆಲಸವನ್ನಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಹೆಸರು ನಮ್ಮದು, ಕೆಲಸ ಎಲ್ಲರದು.

ಕೊನೆಗೆ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ಕೇಳಿದಳು: "ಅಕ್ಕಾರ, ಆ ಬಾಗಿಲಾ ಕಡೀಕ ಎಲ್ಲಿ ಇಟ್ರಿ?"

ಎಡಕ್ಕೆ ಸರಿಸಿದೆ. ಕಾರು ನಿಲ್ಲಿಸುವ ಜಾಗ ಹೋಯಿತು. ಮುಂದಿನ ಜ್ಯೂರಿಯಲ್ಲಿ ಅದನ್ನು ಕೇಳಿದರು.